ಪಕ್ಕದ ನೋಟ: ಪಿಟ್ಯುಟರಿ ಗಡ್ಡೆ ಆಪರೇಷನ್ ಆದ ಮೇಲೆ ಕಣ್ಣಿನ ಜೋಪಾನ



ಕಣ್ಣು ಸರಿಯಾಗಿ ಕಾಣದಿದ್ದರೆ ನಾವು ಏನಂತೀವಿ? "ಪೊರೆ ಬಂದಿರಬೇಕು" ಅಂತೀವಿ. "ಕನ್ನಡಕ ಬದಲಾಯಿಸಬೇಕು" ಅಂತೀವಿ. ಬಹಳ ಸಲ ಅದು ನಿಜವೇ. ಆದರೆ ಕೆಲವರಿಗೆ ಕಣ್ಣಿನ ಗುಡ್ಡೆ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಕಣ್ಣಿನ ಹಿಂದೆ, ತಲೆಯ ಒಳಗೆ. ಅಲ್ಲಿ ಬೆಳೆದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ. ಮನೆಗೆ ಬಂದ ಮೇಲೆ ಕಣ್ಣನ್ನು ಹೇಗೆ ನೋಡಿಕೊಳ್ಳಬೇಕು? ಈ ಪಾಠದಲ್ಲಿ ತಿಳಿಯೋಣ.

ಬಟಾಣಿ ಕಾಳಿನಷ್ಟು ಗ್ರಂಥಿ

ಮೂಗಿನ ಬುಡದ ಹಿಂದೆ, ಮಿದುಳಿನ ಕೆಳಗೆ ಒಂದು ಸಣ್ಣ ಗ್ರಂಥಿ ಇದೆ. ಬಟಾಣಿ ಕಾಳಿನಷ್ಟು ದಪ್ಪ. ಅದರ ಹೆಸರು ಪಿಟ್ಯುಟರಿ. ಮೈ ಬೆಳೆಯುವುದು, ಹೆಂಗಸರಿಗೆ ಮುಟ್ಟಾಗುವುದು, ಬಾಣಂತಿಗೆ ಹಾಲು ಬರುವುದು, ಇವನ್ನೆಲ್ಲ ನಡೆಸುವ ಹಾರ್ಮೋನು ರಸಗಳು ಇಲ್ಲಿಂದ ಬರುತ್ತವೆ.

ಈ ಗ್ರಂಥಿಯ ಮೇಲುಗಡೆ ಎರಡು ಕಣ್ಣಿನ ನರಗಳೂ ಕೂಡುತ್ತವೆ. ನರದ ಅರ್ಧದಷ್ಟು ಎಳೆಗಳು ಅಲ್ಲಿ ಈ ಕಡೆಯಿಂದ ಆ ಕಡೆಗೆ ದಾಟುತ್ತವೆ. ದಾಟುವ ಎಳೆಗಳೇ ಪಕ್ಕದ ನೋಟವನ್ನು ಹೊತ್ತು ತರುವುದು. ಗಡ್ಡೆ ಮೇಲಕ್ಕೆ ಬೆಳೆದರೆ ಈ ಎಳೆಗಳನ್ನು ಒತ್ತುತ್ತದೆ. ಆಗ ಎದುರಿನದು ಕಾಣುತ್ತೆ, ಎರಡು ಪಕ್ಕದ್ದು ಕಾಣೋದಿಲ್ಲ. ಈ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಕಣ್ಣು ಹೋಗಬಹುದು.

ಸದ್ದಿಲ್ಲದೆ ಹೋಗುವ ನೋಟ

ಸೇಲಂ ಕಡೆ ಕನ್ನಡ ಮಾತಾಡುವ ದೇವಾಂಗ ನೇಕಾರರು ಇದ್ದಾರೆ. ಮಗ್ಗದ ಮುಂದೆ ಕೂತ ನೇಕಾರನನ್ನು ನೆನೆಸಿಕೊಳ್ಳಿ. ಕಣ್ಣು ನಡುವೆ ನೆಟ್ಟಿದ್ದರೂ ಸೀರೆಯ ಎರಡು ಅಂಚೂ ಅವನಿಗೆ ಕಾಣುತ್ತವೆ. ಅಂಚಿನಲ್ಲಿ ಎಳೆ ಕಡಿದರೆ ಕೂಡಲೇ ಕೈ ನಿಲ್ಲಿಸುತ್ತಾನೆ. ಪಕ್ಕದ ನೋಟ ಹೋದರೆ ಎಳೆ ಕಡಿದದ್ದು ತಿಳಿಯೋದೇ ಇಲ್ಲ. ಧರ್ಮಪುರಿ ಕಡೆಯ ರೈತನಿಗಾದರೆ ಪಕ್ಕದಿಂದ ತಿರುಗುವ ಎತ್ತಿನ ಕೊಂಬು ಕಾಣೋದಿಲ್ಲ. ರಸ್ತೆಯಲ್ಲಿ ಬೈಕು ಕಾಣೋದಿಲ್ಲ. ಬಾಗಿಲಿಗೆ ಭುಜ ತಾಗುತ್ತೆ.

ಹೀಗಾದರೂ ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪಾಗೋದಿಲ್ಲ. ಎದುರಿನ ಮುಖ ಕಾಣುತ್ತಲ್ಲ ಅಂತ ಸುಮ್ಮನಿರುತ್ತೇವೆ. ಅದಕ್ಕೇ ಈ ರೋಗ ತಡವಾಗಿ ತಿಳಿಯುತ್ತೆ. ಮೆಡಿಕಲ್ ಅಂಗಡಿಯ ಕಣ್ಣಿನ ಹನಿಯಿಂದ ಇದು ವಾಸಿಯಾಗೋದಿಲ್ಲ.

ಮೂಗಿನ ದಾರಿಯ ಆಪರೇಷನ್

ತಲೆ ಕೊರೆಯುತ್ತಾರೆ ಅಂತ ಬಹಳ ಜನ ಹೆದರುತ್ತಾರೆ. ಈಗ ಹೆಚ್ಚಿನ ಪಿಟ್ಯುಟರಿ ಗಡ್ಡೆಗಳನ್ನು ಮೂಗಿನ ದಾರಿಯಿಂದಲೇ ತೆಗೆಯುತ್ತಾರೆ. ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ಊರಿನಲ್ಲಿ ಹರ್ಮನ್ ಶ್ಲೋಫರ್ ಎಂಬ ಡಾಕ್ಟರು 1907ರಲ್ಲೇ ಮೂಗಿನ ಕಡೆಯಿಂದ ಹೋಗಿ ಇಂಥ ಗಡ್ಡೆ ತೆಗೆದರು. ಎಲ್ಲರಿಗೂ ಆಪರೇಷನ್ ಬೇಕಾಗೋದಿಲ್ಲ. ಪ್ರೊಲ್ಯಾಕ್ಟಿನ್ ಎಂಬ ರಸ ಹೆಚ್ಚು ಮಾಡುವ ಗಡ್ಡೆ ಸಾಮಾನ್ಯವಾಗಿ ಮಾತ್ರೆಯಿಂದಲೇ ಕುಗ್ಗುತ್ತದೆ.

ಆಪರೇಷನ್ ಆದ ಮೇಲೆ ನೋಟ ಬರುತ್ತಾ?

ಬಹಳ ಜನಕ್ಕೆ ನೋಟ ಸುಧಾರಿಸುತ್ತದೆ. ಕೆಲವರಿಗೆ ಒಂದೆರಡು ದಿನದಲ್ಲೇ ತಿಳಿಯುತ್ತೆ. ಕೆಲವರಿಗೆ ವಾರಗಳು, ತಿಂಗಳುಗಳು ಬೇಕು. ನರ ಬಹಳ ಕಾಲ ಒತ್ತಿಹೋಗಿ ಒಣಗಿದ್ದರೆ ಹೋದ ನೋಟ ಪೂರ್ತಿ ಬರೋದಿಲ್ಲ. ಬೇಗ ಹೋದವರಿಗೆ ಹೆಚ್ಚು ಉಳಿಯುತ್ತೆ.

ಇನ್ನೊಂದು ಮಾತು ನೆನಪಿಡಿ. ಗಡ್ಡೆಯ ಚೂರು ಒಳಗೆ ಉಳಿದಿರಬಹುದು. ಅದು ವರ್ಷಗಳ ಮೇಲೆ ಮತ್ತೆ ಬೆಳೆಯಬಹುದು. ಮೊದಲ ಸಲ ನೋಟ ಹೇಗೆ ಸದ್ದಿಲ್ಲದೆ ಹೋಯಿತೋ, ಎರಡನೇ ಸಲವೂ ಹಾಗೇ ಹೋಗುತ್ತೆ. ಅದಕ್ಕೆ "ನನಗೆ ಚೆನ್ನಾಗಿದೆ" ಅನ್ನೋ ಮಾತು ಸಾಲದು. ಪರೀಕ್ಷೆ ಆಗಬೇಕು.

ನೋಟದ ಹರವಿನ ಪರೀಕ್ಷೆ

ಇದನ್ನು ಫೀಲ್ಡ್ ಟೆಸ್ಟ್ ಅನ್ನುತ್ತಾರೆ. ಬಟ್ಟಲಿನಂಥ ಮೆಷಿನ್ ಮುಂದೆ ಗದ್ದ ಇಟ್ಟು ಕೂರಬೇಕು. ನಡುವಿನ ಚುಕ್ಕೆಯನ್ನೇ ನೋಡಬೇಕು. ಪಕ್ಕದಲ್ಲಿ ಬೆಳಕು ಕಂಡಾಗ ಬಟನ್ ಒತ್ತಬೇಕು. ಒಂದು ಸಲಕ್ಕೆ ಒಂದೇ ಕಣ್ಣು. ನೋವಿಲ್ಲ. ಕಾಣದಿದ್ದರೆ ಒತ್ತಬೇಡಿ. ಊಹೆ ಮಾಡಿ ಒತ್ತಿದರೆ ಡಾಕ್ಟರಿಗೆ ನಿಜ ತಿಳಿಯೋದಿಲ್ಲ. ಈ ಪರೀಕ್ಷೆಯನ್ನೂ ಎಂ.ಆರ್.ಐ. ಸ್ಕ್ಯಾನನ್ನೂ ಡಾಕ್ಟರು ಹೇಳಿದ ತಾರೀಖಿಗೆ ತಪ್ಪದೆ ಮಾಡಿಸಿ.

ಮನೆಯಲ್ಲೂ ಹೀಗೆ ನೋಡಬಹುದು. ಇಬ್ಬರು ಎದುರೆದುರು ಕೂತುಕೊಳ್ಳಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಎದುರಿನವರ ಮೂಗನ್ನೇ ನೋಡಿ. ಅವರು ಬೆರಳು ಆಡಿಸುತ್ತಾ ಪಕ್ಕದಿಂದ ಒಳಗೆ ತರಲಿ. ಕಂಡ ಕೂಡಲೇ ಹೇಳಿ. ಆಮೇಲೆ ಇನ್ನೊಂದು ಕಣ್ಣು. ಮೊದಲಿಗಿಂತ ತಡವಾಗಿ ಕಂಡರೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ನೋಡಿದ್ದು ಮೆಷಿನ್ ಪರೀಕ್ಷೆಗೆ ಬದಲಲ್ಲ.

ಮನೆಯಲ್ಲಿ ಮಾಡಬೇಕಾದ್ದು

1. ಹೈಡ್ರೋಕಾರ್ಟಿಸೋನ್‌ನಂಥ ಮಾತ್ರೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಪ್ರಾಣಕ್ಕೆ ಅಪಾಯ. ಜ್ವರ ಬಂದರೆ ಡಾಕ್ಟರನ್ನು ಕೇಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.
2. ಡಾಕ್ಟರು ಹೇಳುವ ತನಕ ಮೂಗು ಜೋರಾಗಿ ಸೀಂಟಬೇಡಿ. ಭಾರ ಎತ್ತಬೇಡಿ.
3. ಫೀಲ್ಡ್ ಟೆಸ್ಟ್ ನೋಡಿ ಡಾಕ್ಟರು ಒಪ್ಪುವ ತನಕ ಗಾಡಿ ಓಡಿಸಬೇಡಿ.
4. ಪಕ್ಕದ ನೋಟ ಕಡಿಮೆ ಇದ್ದರೆ ತಲೆಯನ್ನೇ ಎರಡೂ ಕಡೆ ತಿರುಗಿಸಿ ನೋಡುವ ಅಭ್ಯಾಸ ಮಾಡಿ. ನಡೆಯುವ ದಾರಿಯಲ್ಲಿ ಕೊಡ, ಕುರ್ಚಿ ಇಡಬೇಡಿ.
5. ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತೆ. ಆಸ್ಪತ್ರೆ ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತೆ. ಮಾತ್ರೆಯ ಹೆಸರು, ಹೊತ್ತು, ಮುಂದಿನ ಪರೀಕ್ಷೆಯ ತಾರೀಖು ಕೇಳಿ, ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ.

ಕಾಯಬಾರದು

ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ, ಒಂದು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ತಡೆಯಲಾರದ ತಲೆನೋವು ಬಂದರೆ, ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಬಾಯಾರಿಕೆ ಮತ್ತು ಮೂತ್ರ ತೀರಾ ಹೆಚ್ಚಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಎಲ್ಲಿಗೆ ಹೋಗಬೇಕು?

ಸೇಲಂನಲ್ಲಿ ಮೋಹನ್ ಕುಮಾರಮಂಗಲಂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಧರ್ಮಪುರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಆಪರೇಷನ್ ಮಾಡುತ್ತಾರೆ. ಅಲ್ಲಿ ನಿಮ್ಮ ಕಷ್ಟವನ್ನು ಕನ್ನಡದಲ್ಲೇ ಹೇಳಬಹುದು. ತಮಿಳುನಾಡು ಮುಖ್ಯಮಂತ್ರಿಗಳ ಆರೋಗ್ಯ ವಿಮೆ ಕಾರ್ಡ್ ಇದ್ದರೆ ಜೊತೆಗೆ ತಗೊಂಡು ಹೋಗಿ. ಅದರಲ್ಲಿ ಏನೇನು ಸಿಗುತ್ತೆ ಅಂತ ಆಸ್ಪತ್ರೆಯಲ್ಲೇ ಮೊದಲು ಕೇಳಿ. ಹಳೆಯ ಫೀಲ್ಡ್ ಟೆಸ್ಟ್ ಕಾಗದ ಎಸೆಯಬೇಡಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೇನೇ ವ್ಯತ್ಯಾಸ ತಿಳಿಯುವುದು.

ಹೊಸ ಪದಗಳು

ಗ್ರಂಥಿ: ಮೈಯಲ್ಲಿ ರಸ ಮಾಡುವ ಅಂಗ
ನರ: ಮಿದುಳಿಗೆ ಸುದ್ದಿ ಒಯ್ಯುವ ದಾರ
ಹರವು: ಕಣ್ಣು ಆಡಿಸದೆ ಕಾಣುವಷ್ಟು ಅಗಲ

ಉತ್ತರ ಹೇಳಿ

1. ಪಿಟ್ಯುಟರಿ ಗಡ್ಡೆ ಒತ್ತಿದರೆ ಯಾವ ಕಡೆಯ ನೋಟ ಮೊದಲು ಹೋಗುತ್ತೆ?
2. ಕಣ್ಣು ಚೆನ್ನಾಗಿದೆ ಅನಿಸಿದರೂ ಪರೀಕ್ಷೆ ಯಾಕೆ ಬೇಕು?
3. ನಿಮ್ಮ ಮನೆಯವರೊಬ್ಬರ ಮಾತ್ರೆಯ ಹೆಸರನ್ನೂ ಹೊತ್ತನ್ನೂ ಕನ್ನಡದಲ್ಲಿ ಬರೆಯಿರಿ.