ಕೋಡಿ ಎತ್ತರಿಸುವ ಮುನ್ನ: ಟಾಹೋ ಸರೋವರದ ನೀರಿನ ಲೆಕ್ಕ



ಮಳೆಗಾಲ ಹತ್ತಿರ ಬಂತೆಂದರೆ ಊರೂರಲ್ಲೂ ಒಂದು ಮಾತು ಏಳುತ್ತದೆ: "ಕೆರೆ ಕೋಡಿ ಇನ್ನೊಂದು ಅಡಿ ಎತ್ತರಿಸಿದ್ರೆ ಬೇಸಿಗೆ ಬೆಳೆಗೆ ನೀರಾಗುತ್ತಲ್ಲ?" ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಈ ವಾರ ಅಮೆರಿಕದ ಒಂದು ಬೆಟ್ಟದ ಸರೋವರದ ಕಥೆ ತಂದಿದ್ದೇನೆ. ಅಲ್ಲಿ ನೂರು ವರ್ಷದ ಹಿಂದೆಯೇ ಇದೇ ಕೆಲಸವನ್ನು ದೊಡ್ಡ ಅಳತೆಯಲ್ಲಿ ಮಾಡಿದ್ದಾರೆ. ಅದರ ಲಾಭ, ನಷ್ಟ ಎರಡೂ ಈಗ ಕಣ್ಣ ಮುಂದಿವೆ.

ಪುಟ್ಟ ಗೋಡೆ, ದೊಡ್ಡ ನೀರು

ಕ್ಯಾಲಿಫೋರ್ನಿಯಾ ಮತ್ತು ನೆವಾಡ ರಾಜ್ಯಗಳ ಗಡಿಯಲ್ಲಿ, ಸಿಯೆರಾ ನೆವಾಡ ಬೆಟ್ಟಗಳ ನಡುವೆ ಟಾಹೋ ಅನ್ನೋ ಸರೋವರ ಇದೆ. ಸಮುದ್ರ ಮಟ್ಟದಿಂದ ಸುಮಾರು 6,225 ಅಡಿ ಮೇಲೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸ್ವಲ್ಪವೇ ಕೆಳಗೆ. ಇದು ಮನುಷ್ಯ ಕಟ್ಟಿದ್ದಲ್ಲ, ತಾನೇ ಆದದ್ದು. ಆಳ 1,645 ಅಡಿ. ಹಿಮ ಕರಗಿದ ನೀರು ಹತ್ತಾರು ಹಳ್ಳಗಳಿಂದ ಬಂದು ಸೇರುತ್ತದೆ. ಹೊರಗೆ ಹರಿಯುವ ದಾರಿ ಒಂದೇ, ಟ್ರಕೀ ನದಿ.

ಆ ಬಾಯಿಗೆ 1913ರಲ್ಲಿ ಈಗಿನ ಕಾಂಕ್ರೀಟ್ ಅಣೆಕಟ್ಟು ಪೂರ್ಣವಾಯಿತು. ಎತ್ತರ 18 ಅಡಿ, ಉದ್ದ 109 ಅಡಿ, 17 ಗೇಟು. ನೋಡಿದರೆ ಹಳ್ಳದ ಸೇತುವೆ ಅನ್ನಬೇಕು, ಅಷ್ಟೇ. ಆದರೆ ಅದು ಹಿಡಿಯುವ ನೀರು ಸುಮಾರು 32 ಟಿಎಂಸಿ. ನಮ್ಮ ಕಬಿನಿ ಜಲಾಶಯದ್ದು ಸುಮಾರು 19.5 ಟಿಎಂಸಿ.

ಇದು ಹೇಗೆ ಸಾಧ್ಯ? ಸರೋವರದ ಹರವು ಸುಮಾರು 1.22 ಲಕ್ಷ ಎಕರೆ. ಗೋಡೆ ಎತ್ತರಿಸುವುದು 6.1 ಅಡಿ ಮಟ್ಟ ಮಾತ್ರ. ಎರಡನ್ನೂ ಗುಣಿಸಿ, ಲೆಕ್ಕ ಸಿಗುತ್ತೆ. ಒಂದು ಎಕರೆ ಮೇಲೆ ಒಂದು ಅಡಿ ನೀರು ನಿಂತರೆ ಸುಮಾರು 12.3 ಲಕ್ಷ ಲೀಟರ್. ನಿಮ್ಮೂರ ಕೆರೆಯ ಹರವು 40 ಎಕರೆ ಅಂತಿಟ್ಟುಕೊಳ್ಳಿ. ಕೋಡಿ ಒಂದಡಿ ಏರಿಸಿದರೆ ಹತ್ತಿರ ಹತ್ತಿರ 5 ಕೋಟಿ ಲೀಟರ್ ಹೆಚ್ಚು ನೀರು.

ಸಿಗೋದು ಮೇಲಿನ ಪದರ ಮಾತ್ರ

ಇಲ್ಲಿಗೇ ಖುಷಿಪಡಬೇಡಿ. ಟಾಹೋದಲ್ಲಿ ಸಾವಿರಾರು ಟಿಎಂಸಿ ನೀರಿದೆ. ರೈತನಿಗೆ ಬರೋದು ಮೇಲಿನ 6.1 ಅಡಿ ಮಾತ್ರ. ಮಟ್ಟ 6,223 ಅಡಿಗಿಂತ ಕೆಳಗಿಳಿದರೆ ಗೇಟು ಪೂರ್ತಿ ತೆರೆದರೂ ಹನಿ ನೀರು ನದಿಗೆ ಇಳಿಯಲ್ಲ. ನಮ್ಮ ತೂಬಿನ ಮಟ್ಟದ ಕೆಳಗಿನ ನೀರಿದ್ದ ಹಾಗೆ. 1992ರ ಬರದಲ್ಲಿ ಮಟ್ಟ ಅದಕ್ಕೂ ಸುಮಾರು 3 ಅಡಿ ಕೆಳಗೆ ಹೋಗಿತ್ತು.

ಬಿಸಿಲಿನ ಪಾಲು ಬೇರೆ. ಆ ತಂಪು ಸೀಮೆಯಲ್ಲೂ ವರ್ಷಕ್ಕೆ 3 ಅಡಿಗಿಂತ ಹೆಚ್ಚು ನೀರು ಆವಿಯಾಗುತ್ತೆ. ಗೋಡೆ ಹಿಡಿಯೋ ಪದರದ ಅರ್ಧದಷ್ಟು! ನಮ್ಮ ಬಯಲುಸೀಮೆಯಲ್ಲಿ ಇದು ಇನ್ನೂ ಜಾಸ್ತಿ. ನೀರು ಆಳವಾಗಿ ನಿಲ್ಲದೆ ಅಗಲವಾಗಿ ಹರಡಿದಷ್ಟೂ ಬಿಸಿಲಿಗೆ ಹೋಗೋದು ಹೆಚ್ಚು.

ಕೆಳಗಿನ ಕೆರೆಗೆ ಏನಾಯ್ತು?

ಟ್ರಕೀ ನದಿ ಸಮುದ್ರ ಸೇರಲ್ಲ. ನೆವಾಡದ ಮರುಭೂಮಿಯ ಪಿರಮಿಡ್ ಸರೋವರದಲ್ಲಿ ಕೊನೆಯಾಗುತ್ತದೆ. ಅದರ ದಡದಲ್ಲಿ ಪೈಯೂಟ್ ಬುಡಕಟ್ಟಿನವರು ಮೀನು ನಂಬಿ ಬದುಕಿದ್ದರು. 1905ರಲ್ಲಿ ನದಿಗೆ ಅಡ್ಡಲಾಗಿ ಡರ್ಬಿ ಒಡ್ಡು ಕಟ್ಟಿ, ಕಾಲುವೆ ಮೂಲಕ ನೀರನ್ನು ಫಾಲನ್ ಸುತ್ತಲಿನ ಹೊಲಗಳಿಗೆ ತಿರುಗಿಸಿದರು. ಇದು ನ್ಯೂಲ್ಯಾಂಡ್ಸ್ ಯೋಜನೆ. ಟಾಹೋದಲ್ಲಿ ಹಿಡಿದಿಟ್ಟ ನೀರೂ ಇದಕ್ಕೆ ಒದಗಿತು. ಮರುಭೂಮಿಯಲ್ಲಿ ಕುದುರೆ ಮಸಾಲೆ ಹಸಿರಾಯಿತು, ಕುಟುಂಬಗಳು ನೆಲೆ ನಿಂತವು. ಆ ರೈತರ ದುಡಿಮೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ.

ಆದರೆ ಪಿರಮಿಡ್ ಸರೋವರ 1960ರ ದಶಕದ ಹೊತ್ತಿಗೆ ಸುಮಾರು 80 ಅಡಿ ಕುಸಿಯಿತು. ಪಕ್ಕದ ವಿನ್ನೆಮಕ್ಕ ಸರೋವರ 1930ರ ದಶಕದ ಕೊನೆಗೆ ಪೂರ್ತಿ ಒಣಗಿಹೋಯಿತು. ಮೊಟ್ಟೆ ಇಡಲು ನದಿಗೆ ಹತ್ತಲಾಗದೆ ಅಲ್ಲಿನ ದೊಡ್ಡ ಟ್ರೌಟ್ ಮೀನು 1940ರ ದಶಕದ ಹೊತ್ತಿಗೆ ಆ ಸರೋವರದಿಂದ ಕಣ್ಮರೆಯಾಯಿತು. ಆಮೇಲೆ ದಶಕಗಳ ಕಾಲ ಕೋರ್ಟು ಕಚೇರಿ ಅಲೆದಾಟ. ರಾಜ್ಯಗಳು, ಬುಡಕಟ್ಟು, ರೀನೋ ಭಾಗದ ಕುಡಿಯುವ ನೀರಿನವರು, ಕೇಂದ್ರ ಸರ್ಕಾರ ಕೂತು ಮಾಡಿಕೊಂಡ ಒಪ್ಪಂದಕ್ಕೆ 2008ರಲ್ಲಿ ಸಹಿ ಬಿತ್ತು. ಜಾರಿಗೆ ಬಂದಿದ್ದು 2015ರ ಕೊನೆಗೆ. ಮೊದಲೇ ಕೂತು ಮಾತಾಡಿದ್ದರೆ ನೂರು ವರ್ಷ ಬೇಕಿತ್ತಾ?

ನಿಮ್ಮ ಕೆರೆಗೆ ಈ ಲೆಕ್ಕ ಹಾಕಿ

1. ಕೋಡಿ ಏರಿಸಿದರೆ ಹಿನ್ನೀರು ಯಾರ ಹೊಲಕ್ಕೆ ಹೋಗುತ್ತೆ? ಮೊದಲು ಗೂಟ ಹೊಡೆದು ಗುರುತು ಮಾಡಿ, ಆ ರೈತರನ್ನು ಕೇಳಿ.

2. ಏರಿ ತಡೆಯುತ್ತಾ? ನೀರಿನ ಮಟ್ಟಕ್ಕೂ ಏರಿ ತಲೆಗೂ ನಡುವಿನ ಅಂತರ ಕಡಿಮೆಯಾದರೆ ಒಂದೇ ದೊಡ್ಡ ಮಳೆಗೆ ಏರಿ ಒಡೆದೀತು. ಕೋಡಿಗೆ ಮರಳು ಚೀಲ ಇಡುವ ಕೆಲಸ ಬೇಡವೇ ಬೇಡ. ಇಲಾಖೆ ಎಂಜಿನಿಯರ್ ನೋಡಿ ಒಪ್ಪಿದ ಮೇಲೆಯೇ ಮುಂದಿನ ಮಾತು.

3. ನಿಮ್ಮ ಕೋಡಿ ನೀರು ಯಾವ ಕೆರೆಗೆ ಹೋಗುತ್ತೆ? ನಮ್ಮ ಕೆರೆಗಳು ಸರಣಿಯಲ್ಲಿವೆ. ನಿಮ್ಮದು ತಡವಾಗಿ ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆ ತುಂಬದೇ ಉಳಿಯಬಹುದು.

4. ಹೂಳು ತೆಗೆದರೆ ಸಾಕಾಗಬಹುದಾ? ಹೂಳು ತೆಗೆದಾಗ ಆಳ ಹೆಚ್ಚುತ್ತೆ, ಹರವು ಹೆಚ್ಚಲ್ಲ. ಹಾಗಾಗಿ ಆವಿ ನಷ್ಟ ಹೆಚ್ಚೋದಿಲ್ಲ. ಒಂದು ಮಾತು ನೆನಪಿಡಿ: ತೂಬಿಗಿಂತ ಕೆಳಗೆ ಅಗೆದ ಜಾಗದ ನೀರು ಕಾಲುವೆಗೆ ಬರಲ್ಲ. ಅದು ದನಕರುಗಳಿಗೆ, ಸುತ್ತಲಿನ ಬಾವಿಗಳಿಗೆ ಆಸರೆ. ತೂಬಿನಿಂದ ಅಚ್ಚುಕಟ್ಟಿಗೆ ನೀರು ಬೇಕಿದ್ದರೆ ತೂಬಿನ ಮಟ್ಟದ ಮೇಲಿನ ಹೂಳು ಮೊದಲು ತೆಗೆಸಿ.

ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಗ್ರಾಮಸಭೆಯಲ್ಲಿ ವಿಷಯ ಇಡಿ. ಆ ದಿನ ಕೆಳಗಿನ ಊರಿನ ನಾಲ್ಕು ಜನ ರೈತರನ್ನೂ ಕರೆಸಿ.