ಅಪ್ಪನ ಪದ್ಮಿನಿಯನ್ನು ಗುಜರಿಗೆ ಹಾಕಬೇಡಿ

ಐನಾಪುರದ ಓದುಗರೇ, ನಿಮ್ಮ ಅಪ್ಪನ 1982ರ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100ರ ವಂಶದ್ದು. ಮುಂಬೈನ ಕುರ್ಲಾದಲ್ಲಿ ತಯಾರಾದದ್ದು. ಅದರ 1089 ಸಿಸಿ ಎಂಜಿನ್ ಸರಳವಾದದ್ದು, ಬಹುಕಾಲ ನಿಂತಿದ್ದರೂ ಮತ್ತೆ ಓಡಬಲ್ಲದು.

ಅವಸರದಲ್ಲಿ ಕೀ ತಿರುಗಿಸಬೇಡಿ. ಮೊದಲು ಹಳೆಯ ಪೆಟ್ರೋಲ್ ಬಸಿದು ಟ್ಯಾಂಕ್ ತೊಳೆಸಿ, ಆಯಿಲ್ ಬದಲಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ ನೋಡಿ. ಬ್ರೇಕಿನ ರಬ್ಬರ್ ಭಾಗಗಳನ್ನೆಲ್ಲ ಹೊಸದಾಗಿ ಹಾಕಿಸಿ. ಅಲ್ಲಿ ಉಳಿತಾಯ ಬೇಡ. ಸೇಡಂ, ವಾಡಿ ಕಡೆ ಓಡಾಡುವುದಾದರೆ ಸಿಮೆಂಟ್ ದೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ, ಗಮನಿಸುತ್ತಿರಿ.

15 ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಕಡ್ಡಾಯ. 50 ತುಂಬಿದ ಮೇಲೆ ವಿಂಟೇಜ್ ನೋಂದಣಿ ಕೇಳಬಹುದು. ಹಾಗೆ ನೋಂದಾಯಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ.

ಕಾರನ್ನು ಮಾರೋಣ ಎನ್ನುವ ನಿಮ್ಮ ತಮ್ಮನಿಗೆ ಸ್ಟೇರಿಂಗ್ ಪಕ್ಕದ ಗೇರ್ ಹಾಕುವುದನ್ನು ಕಲಿಸಿ. ಓಡಿಸಿದವರಿಗೆ ಮಾರುವ ಮನಸ್ಸು ಸುಲಭವಾಗಿ ಬರುವುದಿಲ್ಲ.