ಕೂಸಿನ ಬಟ್ಟೆಯನ್ನು ಒಗೆಯುವವರು ಯಾರು?

ಕಳೆದ ಮಳೆಗಾಲದಲ್ಲಿ ಒಂದು ಸಾಯಂಕಾಲ ಪ್ರಾರ್ಥನೆ ತೀರಿದ ಮೇಲೆ ನಮ್ಮ ಸಭೆಯ ಒಬ್ಬ ಯೌವನಸ್ಥನು, ಎಲ್ಲರೂ ಹೊರಟುಹೋಗುವ ತನಕ ಕಂಬದ ಬಳಿಯಲ್ಲಿ ನಿಂತಿದ್ದು, ಆಮೇಲೆ ನಮ್ಮ ಹತ್ತಿರ ಬಂದು, “ಅಯ್ಯನವರೇ, ನಮ್ಮ ಕೂಸಿಗೆ ಏನೋ ಆಗಿದೆ. ಹಗಲೆಲ್ಲಾ ಮಲಗುತ್ತದೆ, ರಾತ್ರಿಯೆಲ್ಲಾ ಅಳುತ್ತದೆ. ಇವಳಿಗೆ ಹಾಲು ಸಾಲದೆಂದು ನಮ್ಮವ್ವ ಹೇಳುತ್ತಾಳೆ. ನಾಳೆಯಿಂದ ಆಕಳ ಹಾಲಿಗೆ ನೀರು ಬೆರಸಿ ಕುಡಿಸಬೇಕೆಂದಿದ್ದೇವೆ” ಎಂದನು. ಕೂಸು ಹುಟ್ಟಿ ಐದು ವಾರಗಳಾಗಿದ್ದವು. ನಾವು ಅವನಿಗೆ, “ತಮ್ಮಾ, ಒಂದು ಹಗಲು ಒಂದು ರಾತ್ರಿಯಲ್ಲಿ ಕೂಸು ಎಷ್ಟು ಸಾರಿ ಬಟ್ಟೆ ತೋಯಿಸುತ್ತದೆ?” ಎಂದು ಕೇಳಿದೆವು. ಅವನು ಸುಮ್ಮನೆ ನಿಂತನು. “ಆ ಬಟ್ಟೆಗಳನ್ನು ಒಗೆಯುವವರು ಯಾರು?” ಎಂದು ಕೇಳಿದಾಗ, “ಅವಳೇ, ಮತ್ಯಾರು?” ಎಂದು ನಕ್ಕನು.

ಈ ಪಾಠವು ಆ ನಗೆಯ ನಿಮಿತ್ತವಾಗಿ ಬರೆಯಲ್ಪಟ್ಟಿದೆ.

ತಾಯಿಯ ಹಾಲು ಸಾಲುವದೋ ಇಲ್ಲವೋ ಎಂಬದನ್ನು ಕೂಸಿನ ಅಳುವಿನಿಂದ ಅಳೆಯಲಾಗದು. ಹೊಟ್ಟೆ ತುಂಬಿದ ಕೂಸುಗಳೂ ಎರಡನೆಯ ವಾರದಿಂದ ಹೆಚ್ಚೆಚ್ಚಾಗಿ ಅಳತೊಡಗಿ, ಆರನೆಯ ವಾರದ ಸುಮಾರಿಗೆ ಎಲ್ಲಕ್ಕಿಂತ ಹೆಚ್ಚು ಅತ್ತು, ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ತಾವಾಗಿಯೇ ಕಡಿಮೆ ಮಾಡುತ್ತವೆ. ಹಾಲಿನ ಅಳತೆಯು ಬಟ್ಟೆಯಲ್ಲಿಯೂ ತಕ್ಕಡಿಯಲ್ಲಿಯೂ ಇದೆ. ಮೊದಲನೆಯ ವಾರ ದಾಟಿದ ಮೇಲೆ ಒಂದು ಹಗಲು ಒಂದು ರಾತ್ರಿಯಲ್ಲಿ ಆರು ಸಾರಿಗೆ ಕಡಿಮೆಯಿಲ್ಲದೆ ಬಟ್ಟೆ ತೋಯ್ದರೆ, ಮತ್ತು ತೂಕವು ಏರುತ್ತಾ ಹೋದರೆ, ಹಾಲು ಸಾಲುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕವು ಸ್ವಲ್ಪ ಇಳಿಯುವದುಂಟು. ಎರಡು ವಾರಗಳೊಳಗೆ ಅದು ತಿರಿಗಿ ಬರಬೇಕು. ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡುವ ಏರ್ಪಾಡಿರುವದರಿಂದ, ಅವಳು ತಕ್ಕಡಿ ಹಿಡಿದು ಬಂದಾಗ ತಂದೆಯೂ ಮನೆಯಲ್ಲಿ ನಿಂತು ನೋಡುವದು ಒಳ್ಳೇದು.

ಆಕಳ ಹಾಲು ಕರುವಿಗೆ ತಕ್ಕದ್ದು. ಅದರಲ್ಲಿರುವ ಉಪ್ಪಿನಂಶವು ಎಳೆಗೂಸಿನ ಮೂತ್ರಪಿಂಡಗಳಿಗೆ ಭಾರವಾಗುತ್ತದೆ. ನೀರು ಬೆರಸಿದರೆ ಸತ್ವವು ಕುಂದುತ್ತದೆ. ನೀರಿನಿಂದಲೂ ಬಾಟಲಿಯಿಂದಲೂ ಭೇದಿಯು ಬರುತ್ತದೆ. ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ತಾಯಿಯ ಎದೆಯಲ್ಲಿ ಹಾಲು ಚೀಪಿದಷ್ಟು ಉಂಟಾಗುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಮೊಲೆಯನ್ನು ಕಡಿಮೆ ಚೀಪುವದು, ಆಗ ಹಾಲು ನಿಜವಾಗಿಯೂ ಕಡಿಮೆಯಾಗುವದು. ಹಾಲು ಸಾಲದೆಂದು ಹೇಳಿದ ಅತ್ತೆಯ ಮಾತು ಅವಳು ಕೊಟ್ಟ ಔಷಧದಿಂದಲೇ ಸತ್ಯವಾಗುವದು. ಆದಕಾರಣ ಆರು ತಿಂಗಳ ತನಕ ತಾಯಿಯ ಹಾಲೊಂದೇ ಸಾಕು, ನೀರು ಸಹ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ನೆಕ್ಕಿಸಲೇಬಾರದು; ಅದರಲ್ಲಿರಬಹುದಾದ ಒಂದು ಬಗೆಯ ಕ್ರಿಮಿಯು ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲದು.

ರಾತ್ರಿಯ ವಿಷಯ ಹೇಗಂದರೆ, ಹೊಸದಾಗಿ ಹುಟ್ಟಿದ ಕೂಸು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ತಾಸು ಮಲಗುತ್ತದಾದರೂ ಎರಡು ಮೂರು ತಾಸುಗಳ ತುಣುಕುಗಳಾಗಿ ಮಲಗುತ್ತದೆ, ಮತ್ತು ಎಂಟರಿಂದ ಹನ್ನೆರಡು ಸಾರಿ ಹಾಲು ಕೇಳುತ್ತದೆ. ಹಗಲು ಯಾವದು ರಾತ್ರಿ ಯಾವದು ಎಂಬ ಭೇದವು ಎರಡು ಮೂರು ತಿಂಗಳಾಗುವಷ್ಟರಲ್ಲಿ ಅದರ ದೇಹಕ್ಕೆ ತಿಳಿಯುತ್ತದೆ. ಅಲ್ಲಿಯ ವರೆಗೆ ಮನೆಯಲ್ಲಿ ಒಬ್ಬರು ಎಚ್ಚರವಾಗಿರಲೇಬೇಕು. ಪ್ರತಿ ರಾತ್ರಿ ಆ ಒಬ್ಬರು ತಾಯಿಯೇ ಯಾಕೆ ಆಗಬೇಕು?

ಮಾರ್ಟಿನ್ ಲೂಥರನು 1522ರಲ್ಲಿ ವಿವಾಹದ ವಿಷಯವಾಗಿ ಬರೆದ ಒಂದು ಚಿಕ್ಕ ಪುಸ್ತಕದಲ್ಲಿ, ತಂದೆಯಾದವನು ಕೂಸಿನ ಹೊಲಸು ಬಟ್ಟೆಗಳನ್ನು ಒಗೆಯುವದನ್ನು ಕುರಿತು ಪ್ರಸ್ತಾಪಿಸಿದ್ದಾನೆ. ಜನರು ಅಂಥವನನ್ನು ಹೆಣ್ಣಿಗನೆಂದು ಹಾಸ್ಯಮಾಡಿದರೂ, ಅವನು ವಿಶ್ವಾಸದಿಂದ ಅದನ್ನು ಮಾಡುವದಾದರೆ ದೇವರು ದೂತರ ಸಂಗಡ ಅವನ ವಿಷಯವಾಗಿ ಹರ್ಷಿಸುವನೆಂಬದೇ ಅವನ ಅಭಿಪ್ರಾಯ. ಆಗ ಲೂಥರನಿಗೆ ಹೆಂಡತಿಯಾಗಲಿ ಮಕ್ಕಳಾಗಲಿ ಇರಲಿಲ್ಲ. 1525ರಲ್ಲಿ ಕಥರೀನಳನ್ನು ಮದುವೆಯಾಗಿ, 1526ರಲ್ಲಿ ಚೊಚ್ಚಲ ಮಗನ ಮುಖವನ್ನು ಕಂಡನು. ತೊಟ್ಟಿಲು ಮನೆಗೆ ಬರುವ ಮೊದಲೇ ಇಷ್ಟನ್ನು ತಿಳಿದವನು ನಮಗಿಂತ ಬುದ್ಧಿವಂತನೇ ಸರಿ. ಯಾಕಂದರೆ ನಾವು ಸೆಮಿನರಿಯಲ್ಲಿ ಆ ಪುಸ್ತಕದ ವಿಷಯವಾಗಿ ಪರೀಕ್ಷೆಯಲ್ಲಿ ಉತ್ತರ ಬರೆದವರಾಗಿದ್ದರೂ, ನಮ್ಮ ಮನೆಗೆ ತೊಟ್ಟಿಲು ಬಂದಾಗ ಹಾಸಿಗೆಯನ್ನು ಸುತ್ತಿಕೊಂಡು ಪಡಸಾಲೆಗೆ ಹೋದೆವು.

ನಾಳೆ ಮೂರು ಹಳ್ಳಿಗಳಿಗೆ ಹೋಗತಕ್ಕವರಿಗೆ ನಿದ್ರೆ ಬೇಕೆಂದು ನಾವು ನೆವ ಹೇಳಿಕೊಂಡಿದ್ದೆವು. ನಮ್ಮ ಅತ್ತೆಯವರು ತೀರಿಹೋಗಿದ್ದರಿಂದ ಬಾಣಂತನವು ನಮ್ಮಲ್ಲಿಯೇ ಆಯಿತು. ನೆರೆಯ ಮುದುಕಿಯೊಬ್ಬಳು ಎರೆಯುವದಕ್ಕೆ ಮಾತ್ರ ಬರುತ್ತಿದ್ದಳು. ಒಂದು ರಾತ್ರಿ ನೀರು ಕುಡಿಯಲಿಕ್ಕೆ ಎದ್ದು ಒಳಗೆ ಹೋದಾಗ ನಮ್ಮ ಹೆಂಡತಿಯು ಗೋಡೆಗೆ ಒರಗಿ ಕೂತಲ್ಲಿಯೇ ನಿದ್ರೆಹೋಗಿದ್ದಳು. ಕೂಸು ಮಡಿಲಿನಿಂದ ಜಾರಿ ಕೌದಿಯ ಮಡಿಕೆಯಲ್ಲಿ ಬೋರಲಾಗಿ ಬಿದ್ದಿತ್ತು. ಎತ್ತಿಕೊಂಡೆವು, ಅದು ಅತ್ತಿತು. ಆ ಅಳುವಿನಷ್ಟು ಇಂಪಾದ ಸ್ವರವನ್ನು ನಾವು ಅದಕ್ಕೆ ಮುಂಚೆ ಕೇಳಿರಲಿಲ್ಲ. ಇನ್ನು ಸ್ವಲ್ಪ ಹೊತ್ತು ನಮಗೆ ಬಾಯಾರಿಕೆಯಾಗದೆ ಹೋಗಿದ್ದರೆ ಏನಾಗುತ್ತಿತ್ತೆಂಬದನ್ನು ಬರೆಯಲಿಕ್ಕೆ ನಮಗೆ ಕೈ ಬಾರದು. ಅವಳು ಎಚ್ಚತ್ತು, “ನಾನೇನು ಮಾಡಲಿ, ಕಣ್ಣು ಮುಚ್ಚಿದ್ದೇ ತಿಳಿಯಲಿಲ್ಲ” ಎಂದು ಅತ್ತಳು. ತಪ್ಪು ಅವಳದಾಗಿರಲಿಲ್ಲ.

ಮರುದಿನದಿಂದ ರಾತ್ರಿ ಒಂಭತ್ತರಿಂದ ಎರಡರ ತನಕ ಕೂಸು ನಮ್ಮ ಪಾಲಿಗೆ ಬಂದಿತು. ಹಸಿದಾಗ ಮಾತ್ರ ಅದನ್ನು ತಾಯಿಯ ಮಗ್ಗುಲಿಗೆ ಒಯ್ದು, ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ, ಬಟ್ಟೆ ಬದಲಿಸಿ, ದಿಂಬಿಲ್ಲದ ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸುವದು; ಅವಳ ಕೈಗೆ ಒಂದು ತಂಬಿಗೆ ನೀರನ್ನೂ ಒಂದು ಅಂಟಿನ ಉಂಡೆಯನ್ನೂ ಕೊಡುವದು. ಹಾಲು ಕೊಡುವದೊಂದನ್ನು ಬಿಟ್ಟು ಮಿಕ್ಕ ಸಮಸ್ತವೂ ಗಂಡಸಿನ ಕೈಯಿಂದ ಆಗುವಂಥದೇ. ಎಷ್ಟು ಎತ್ತಿ ಆಡಿಸಿದರೂ ಅಳು ನಿಲ್ಲದೆ ನಮಗೆ ಸಿಟ್ಟು ಬಂದ ರಾತ್ರಿಗಳುಂಟು. ಆಗ ಕೂಸನ್ನು ಹಾಸಿಗೆಯಲ್ಲಿ ಜೋಪಾನವಾಗಿ ಮಲಗಿಸಿ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಬರುತ್ತಿದ್ದೆವು. ಸಿಟ್ಟಿನ ಕೈಯಿಂದ ಅಲುಗಾಡಿಸಿದರೆ ಎಳೆಯ ಮಿದುಳಿಗೆ ಪೆಟ್ಟಾಗಿ ಪ್ರಾಣವೇ ಹೋಗಬಹುದು. ಬೆಳಿಗ್ಗೆ ನಲ್ಲಿಯ ಬಳಿಯಲ್ಲಿ ಬಟ್ಟೆ ಒಗೆಯುವಾಗ ಹೆಂಗಸರು ಸೆರಗು ಬಾಯಿಗೆ ಅಡ್ಡಹಿಡಿದು ನಕ್ಕರು. ಒಬ್ಬ ಹಿರಿಯರು, ಉಪದೇಶಿಗೆ ಇದು ಶೋಭಿಸದೆಂದು ಹೇಳಿಕಳುಹಿಸಿದರು. ನಾವು ಲೂಥರನ ಹೆಸರನ್ನು ಹೇಳಿ ತಪ್ಪಿಸಿಕೊಂಡೆವು.

ತಂದೆಯು ಗಮನಿಸಬೇಕಾದದ್ದು ಕೂಸನ್ನು ಮಾತ್ರವಲ್ಲ. ಹೆತ್ತ ಮೊದಲ ದಿನಗಳಲ್ಲಿ ತಾಯಿಗೆ ಕಾರಣವಿಲ್ಲದೆ ಅಳು ಬರುವದು ಸಾಮಾನ್ಯವಾಗಿದ್ದು ಎರಡು ವಾರಗಳೊಳಗೆ ಹೋಗುತ್ತದೆ. ಹೋಗದೆ, ಅವಳು ಮಾತು ಬಿಟ್ಟು, ಅನ್ನ ಬಿಟ್ಟು, ಕೂಸಿನ ಮೇಲೆಯೂ ತನ್ನ ಜೀವದ ಮೇಲೆಯೂ ಬೇಸರವನ್ನು ತೋರಿಸಿದರೆ ಅದು ಸೋಮಾರಿತನವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಚಿಕಿತ್ಸೆಯಿಂದ ವಾಸಿಯಾಗುವ ರೋಗವಾಗಿದೆ. ಇನ್ನು ಎರಡು ತಿಂಗಳೊಳಗಿನ ಕೂಸು ಮೊಲೆ ಹಿಡಿಯದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಾರಿ ಉಸಿರಾಡಿದರೆ, ಸೆಟೆದುಕೊಂಡರೆ, ಎಬ್ಬಿಸಿದರೂ ಏಳದಿದ್ದರೆ, ಬೆಳಗಾಗುವ ತನಕ ಕಾಯದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ಎಂಟು ದಿವಸಗಳ ಮೇಲೆ ಆ ಯೌವನಸ್ಥನು ತಿರಿಗಿ ಬಂದನು. “ನಿನ್ನೆ ಒಂಭತ್ತು ಬಟ್ಟೆ, ಅಯ್ಯನವರೇ. ನಾನೇ ಎಣಿಸಿದೆ. ತೂಕವೂ ಏರಿದೆ. ಆದರೆ ಇನ್ನೂ ಅಳುತ್ತದೆ” ಎಂದನು. ಇನ್ನು ಒಂದೆರಡು ತಿಂಗಳು ಅಳುವದೆಂದು ಹೇಳಿ, “ಆ ಆಕಳ ಹಾಲನ್ನು ಏನು ಮಾಡುತ್ತೀರಿ?” ಎಂದು ಕೇಳಿದೆವು.

“ಅವ್ವ ಕಾಸಿ ಇವಳಿಗೇ ಕುಡಿಸುತ್ತಾಳೆ” ಎಂದನು.